ಹೊನ್ನವ್ವನ ದೀಪಕ್ಕೆ ಹಸಿರು ಫ್ಯೂಸ್

ಎರಡು ಹೊಳೆಗಳು ಬಂದು ಕೂಡುವ ಒಂದು ಕಾಡಿನಲ್ಲಿ ಹೊನ್ನವ್ವ ಎಂಬ ನೀರುನಾಯಿ ಇದ್ದಳು. ಅವಳಿಗೆ ಒಬ್ಬಳೇ ಮಗಳು, ಸಣ್ಣಿ. ಮಳೆಗಾಲದ ಒಂದು ದಿನ ಕೆಂಪು ನೀರು ನುಗ್ಗಿ ಬಂದು ಸಣ್ಣಿಯನ್ನು ಎಳೆದುಕೊಂಡು ಹೋಯಿತು. ಹೊನ್ನವ್ವ ದಡದುದ್ದಕ್ಕೂ ಕೂಗುತ್ತಾ ಓಡಿದಳು. ನೀರಿನ ಆರ್ಭಟದಲ್ಲಿ ಅವಳ ಕೂಗು ಅವಳಿಗೇ ಕೇಳಿಸಲಿಲ್ಲ.

ನೀರು ಇಳಿಯಿತು. ಬಿಸಿಲು ಬಂತು. ಮಗಳು ಮಾತ್ರ ಬರಲಿಲ್ಲ. ಮೀನು ಹಿಡಿದರೆ ಹೊನ್ನವ್ವ ಈಗಲೂ ಅರ್ಧ ತಿಂದು ಅರ್ಧ ಬಂಡೆಯ ಮೇಲೆ ಇಡುತ್ತಿದ್ದಳು. ಅದನ್ನು ಕಾಗೆಗಳು ತಿನ್ನುತ್ತಿದ್ದವು. ಮರುದಿನ ಮತ್ತೆ ಇಡುತ್ತಿದ್ದಳು.

ಅವಳ ಮನೆ ಇದ್ದದ್ದು ಎಡಹೊಳೆಯ ದಡದಲ್ಲಿ. ಹೊಳೆಗಳು ಕೂಡುವಲ್ಲಿ ನಿಂತು ನೋಡಿದರೆ ಎಡವೂ ಒಂದೇ, ಬಲವೂ ಒಂದೇ. ಆದರೆ ಎಡಹೊಳೆಯ ದಂಡೆಯಲ್ಲಿ ಕಾಡು ಕಾಯುವವರ ಒಂದು ಶೆಡ್ ಇತ್ತು. ಮುಸ್ಸಂಜೆಯಾದರೆ ಅವರು ನೀರಂಚಿನ ಕಂಬದಲ್ಲಿ ದೀಪ ಹಾಕುತ್ತಿದ್ದರು. "ಆ ಬೆಳಕು ಕಂಡರೆ ಅದೇ ನಮ್ಮ ಹೊಳೆ ಕಣೇ" ಎಂದು ಹೊನ್ನವ್ವ ಮಗಳಿಗೆ ಹೇಳಿಕೊಟ್ಟಿದ್ದಳು. ಈಗ ನೆರೆಗೆ ಹೆದರಿ ಆ ಜನ ಗುಡ್ಡದ ಮೇಲಕ್ಕೆ ಹೊರಟುಹೋಗಿದ್ದರು. ದೀಪವೂ ಆರಿತ್ತು. ಬೆಳಕಿಲ್ಲದೆ ಮಗಳು ದಾರಿ ಹೇಗೆ ಕಂಡಾಳು ಎಂಬುದೇ ಹೊನ್ನವ್ವನ ಕೊರಗು.

ಶೆಡ್ಡಿನ ಸೂರಿನಲ್ಲಿ ಚೆನ್ನಕ್ಕ ಎಂಬ ಗೊರವಂಕ ಗೂಡು ಕಟ್ಟಿಕೊಂಡಿತ್ತು. ಗಿಣಿಯಲ್ಲದಿದ್ದರೂ ಗಿಣಿಪಾಠದಲ್ಲಿ ಅದನ್ನು ಮೀರಿಸುವವರಿರಲಿಲ್ಲ. ಕಾವಲಿನವರು ಆಡಿದ್ದೆಲ್ಲ ಅದಕ್ಕೆ ಬಾಯಿಪಾಠ.

"ಅಳಬ್ಯಾಡ ಕಣಕ್ಕಾ" ಎಂದಿತು ಚೆನ್ನಕ್ಕ. "ಸೂರಿನ ಮೇಲೆ ಸೋಲಾರ್ ಹಲಗೆ ಅದೆ. ಒಳಗೆ ಬ್ಯಾಟರಿ ಅದೆ. ಹೋಗುವಾಗ ಅವರು ಫ್ಯೂಸ್ ಮಾತ್ರ ಕಿತ್ತಿಟ್ಟರು. ಬ್ಯಾಟರಿಯ ಪ್ಲಸ್ ತುದಿಯ ಪಕ್ಕದಲ್ಲೇ ಅದರ ಜಾಗ. ಅಲ್ಲೇ ಇರೋ ಫ್ಯೂಸಿನ ಡಬ್ಬಿಯಿಂದ ತಿಳಿ ಕಂದು ಬಣ್ಣದ್ದು ತಗೊಂಡು ಹಾಕು. ಐದು ಆಂಪಿಯರಿಂದು. ಆಮೇಲೆ ಸ್ವಿಚ್ ಒತ್ತು."

ಹೊನ್ನವ್ವ ಹಾಗೇ ಮಾಡಿದಳು. ಕಂಬದ ಮೇಲೆ ದೀಪ ಹತ್ತಿತು. ಅವಳು ಅದರ ಕೆಳಗೆ ಕೂತು ನೀರನ್ನೇ ನೋಡಿದಳು. ಇನ್ನೇನು ಮಗಳು ತಲೆ ಎತ್ತುತ್ತಾಳೆ ಅನ್ನಿಸುತ್ತಿತ್ತು.

ಶೆಡ್ಡಿಗೂ ಕಂಬಕ್ಕೂ ನಡುವೆ ಕೆಂಚಣ್ಣ ಎಂಬ ನರಿಯ ಬಿಲ ಇತ್ತು. ದೀಪದ ತಂತಿ ಅದರ ತಲೆಯ ಮೇಲೆಯೇ ಹಾದುಹೋಗಿತ್ತು. ಕೆಂಚಣ್ಣ ಸುಮ್ಮನೆ ಕೂರುವ ಪೈಕಿಯೇ? ಶೆಡ್ಡಿನಿಂದ ಚಳಿ ಕಾಯಿಸುವ ಒಂದು ಕಾಯಿಲ್ ಕದ್ದು ತಂದ. ತಂತಿಯ ಸಿಪ್ಪೆ ಹಲ್ಲಿನಿಂದ ಕೆರೆದು ಅದಕ್ಕೆ ಗಂಟು ಹಾಕಿದ. ಅವನು ಕಾಯಿಲ್ ಹಚ್ಚಿದ್ದೇ ತಡ, ಫ್ಯೂಸ್ ಸುಟ್ಟು ದೀಪ ಆರಿತು. ಹೊನ್ನವ್ವ ಗಾಬರಿಯಿಂದ ಓಡಿ ಬೇರೆ ಕಂದು ಫ್ಯೂಸ್ ಹಾಕಿದಳು. ಮಾರನೆಯ ಸಂಜೆಯೂ ಅದೇ ಕಥೆ.

ಆಗ ಕೆಂಚಣ್ಣ ಏನೂ ಅರಿಯದವನಂತೆ ಬಂದ.

"ಏನಕ್ಕಾ, ನಿನ್ನ ದೀಪ ಪದೇ ಪದೇ ಹೋಗ್ತದಲ್ಲ? ಹೋದ ಹೊತ್ತಿಗೇ ನಿನ್ನ ಮಗಳು ಬಂದ್ರೆ ಏನು ಗತಿ?"

ಹೊನ್ನವ್ವ ಅವನ ಹತ್ತಿರಕ್ಕೆ ಬಂದಳು. "ಏನು ಮಾಡ್ಲಪ್ಪಾ?"

"ಫ್ಯೂಸಿನ ಒಳಗೆ ನೋಡು. ಈ ಕಂದು ಬಣ್ಣದ್ದರಲ್ಲಿ ಇರೋದು ಬಡಕಲು ಪಟ್ಟಿ. ಹಸಿರಿನದ್ದು ನೋಡು, ಮೂವತ್ತು ಆಂಪಿಯರಿಂದು! ಎಷ್ಟು ದಪ್ಪ! ಮೀನು ಆರಿಸುವಾಗ ನೀನು ಬಡಕಲು ಮೀನು ಆರಿಸ್ತೀಯಾ?"

ಚೆನ್ನಕ್ಕ ಸೂರಿನಿಂದ ಕಿರುಚಿತು. "ಬ್ಯಾಡ ಕಣಕ್ಕಾ! ತಂತಿ ನೋಡಿ ಫ್ಯೂಸ್ ಹಾಕು. ಸಣ್ಣ ತಂತಿಗೆ ಸಣ್ಣ ಫ್ಯೂಸ್."

"ಯಾಕಂತೆ?" ಎಂದ ಕೆಂಚಣ್ಣ.

"ಯಾಕೋ ನಂಗೊತ್ತಿಲ್ಲ. ಅವರು ಹಂಗಂತಿದ್ದರು."

ಕೆಂಚಣ್ಣ ಬಿದ್ದು ಬಿದ್ದು ನಕ್ಕ. ಹೊನ್ನವ್ವ ಎರಡೂ ಫ್ಯೂಸ್ ಕೈಯಲ್ಲಿ ಹಿಡಿದು ನೋಡಿದಳು. ಹುಟ್ಟಿದಾಗಿನಿಂದ ಅವಳು ದಪ್ಪಗಿದ್ದುದನ್ನೇ ಆರಿಸಿ ಬದುಕಿದವಳು. ನೀರುನಾಯಿಗಳ ಬುದ್ಧಿಯೇ ಅಷ್ಟು. ಅದರ ಮೇಲೆ ಮಗಳ ಹಂಬಲ. ಅವಳು ಹಸಿರು ಫ್ಯೂಸ್ ಹಾಕಿದಳು.

ಆ ಸಂಜೆ ದೀಪ ಆರಲಿಲ್ಲ. ಕೆಂಚಣ್ಣ ಬಿಲದೊಳಗೆ ಕಾಯಿಲ್ ಹಚ್ಚಿ, ಒಣಗಿದ ಎಲೆಗಳ ಮೇಲೆ ಕಾಲು ಚಾಚಿ ಮಲಗಿದ. ಇತ್ತ ಸಣ್ಣ ತಂತಿ ತಡೆಯಲಾರದಷ್ಟು ಕರೆಂಟು ಹರಿದೂ ಹರಿದೂ ಕಾದು ಸುಡತೊಡಗಿತು. ಮೊದಲಾದರೆ ಫ್ಯೂಸ್ ತಾನು ಸುಟ್ಟುಕೊಂಡು ಅದನ್ನು ಉಳಿಸುತ್ತಿತ್ತು. ಹಸಿರು ಫ್ಯೂಸ್ ಜಗ್ಗಲಿಲ್ಲ. ತಂತಿಯ ಸಿಪ್ಪೆ ಕರಗಿ ಎಲೆಗಳ ಮೇಲೆ ತೊಟ್ಟಿಕ್ಕಿತು. ಎಲೆ ಹೊತ್ತಿತು. ಎಲೆಯ ಬೆಂಕಿ ಬಾಲಕ್ಕೆ ಹತ್ತಿತು!

"ಅಯ್ಯಯ್ಯೋ, ಸತ್ತೆ!" ಎಂದು ಕೂಗುತ್ತಾ ಕೆಂಚಣ್ಣ ಹೊಳೆಗೆ ಹಾರಿದ. ಎದ್ದು ಬಂದಾಗ ಅವನ ಬಾಲ ಬೋಳಾಗಿತ್ತು, ಬಿಲ ಬೂದಿಯಾಗಿತ್ತು. ಗಂಟು ಹಾಕಿದ ಕಾಯಿಲ್ ಎಲ್ಲರ ಕಣ್ಣಿಗೂ ಬಿತ್ತು. ಅವನು ಮುಖ ತೋರಿಸಲಾಗದೆ ಆ ಕಾಡನ್ನೇ ಬಿಟ್ಟುಹೋದ.

ಆದರೆ ತಂತಿಯೂ ಉದ್ದಕ್ಕೂ ಸುಟ್ಟುಹೋಗಿತ್ತು. ಫ್ಯೂಸ್ ಹೋಗಿದ್ದರೆ ಇನ್ನೊಂದು ಹಾಕಬಹುದಿತ್ತು. ತಂತಿಗೆ ಎಲ್ಲಿಗೆ ಹೋಗುವುದು? ಹೊನ್ನವ್ವ ಶೆಡ್ಡಿನ ಗೋಡೆಯ ಹಳೆಯ ತಂತಿಯನ್ನು ಚೂರು ಚೂರೇ ಬಿಡಿಸಿ ಜೋಡಿಸತೊಡಗಿದಳು. ಕೆಲವು ಸಂಜೆಗಳು ಹೊಳೆ ಕತ್ತಲಲ್ಲೇ ಹರಿಯಿತು.

ಹಾಗೆ ಜೋಡಿಸುತ್ತಿದ್ದಾಗ ಕೆಳಗಿನ ಹೊಳೆಯಿಂದ ಒಂದು ಮುದಿ ಆಮೆ ಈಜಿಕೊಂಡು ಬಂತು.

"ನೆನ್ನೆ ಸಂಜೆ ಹೊಳೆ ಕೂಡೋ ಕಡೆ ನಿಮ್ಮ ಜಾತಿದೇ ಒಂದು ಎಳೇದು ಸಿಕ್ಕಿತ್ತು ಕಣವ್ವಾ" ಎಂದಿತು ಆಮೆ. "'ತಾತಾ, ದೀಪ ಎಲ್ಲಿ?' ಅಂತ ಕೇಳ್ತು. ಇಲ್ಲಿ ಯಾವ ದೀಪಾನೂ ಇಲ್ವಲ್ಲ ಮಗಾ ಅಂದೆ. ಈ ಕಡೆ ನೋಡ್ತಾ ಬಹಳ ಹೊತ್ತು ನಿಂತಿತ್ತು. ಆಮೇಲೆ 'ಹಂಗಾದ್ರೆ ಇದು ನಮ್ಮ ಹೊಳೆ ಅಲ್ಲ' ಅಂತ ಬಲಗಡೆಗೆ ಹೋಯ್ತು."

ಹೊನ್ನವ್ವ ಮರುಕ್ಷಣ ನೀರಿಗೆ ಬಿದ್ದು ಬಲಹೊಳೆಯಲ್ಲಿ ಕೈ ಸೋಲುವ ತನಕ ಈಜಿದಳು. "ಸಣ್ಣೀ, ಸಣ್ಣೀ" ಎಂದು ಗಂಟಲು ಹರಿಯುವಂತೆ ಕೂಗಿದಳು. ದಡದ ಕೆಸರಿನಲ್ಲಿ ಪುಟ್ಟ ಹೆಜ್ಜೆಗಳಿದ್ದವು. ಮುಂದೆ ಕಲ್ಲುಬಂಡೆ ಬಂದು ಅವೂ ಅಳಿಸಿಹೋದವು. ಮುಟ್ಟುವಷ್ಟು ಹತ್ತಿರ ಬಂದ ಮಗಳನ್ನು ನನ್ನ ಕೈಯಾರೆ ಕಳೆದುಕೊಂಡೆನಲ್ಲ ಎಂದು ಅವಳು ಆ ಹೆಜ್ಜೆಗಳ ಪಕ್ಕದಲ್ಲಿ ಕೂತು ಅತ್ತಳು.

ಸಂಜೆಗೆ ವಾಪಸು ಬಂದು ತಂತಿಯ ಕೊನೆಯ ಗಂಟು ಹಾಕಿದಳು. ಹಸಿರು ಫ್ಯೂಸನ್ನು ಹೊಳೆಗೆ ಎಸೆದು ಕಂದು ಬಣ್ಣದ್ದನ್ನು ಹಾಕಿದಳು. ದೀಪ ಹತ್ತಿತು.

ಅಂದಿನಿಂದ ಹಗಲೆಲ್ಲ ಅವಳು ಬಲಹೊಳೆಯಲ್ಲಿ ಹುಡುಕುತ್ತಾಳೆ. ಮುಸ್ಸಂಜೆಗೆ ಬಂದು ದೀಪ ಹಾಕುತ್ತಾಳೆ. ಎಂದಾದರೂ ಫ್ಯೂಸ್ ಸುಟ್ಟರೆ ಸಿಡುಕುವುದಿಲ್ಲ. ಏನು ಕೆಟ್ಟಿದೆಯೆಂದು ತಂತಿಯುದ್ದಕ್ಕೂ ನೋಡಿ, ಸರಿಮಾಡಿ, ಅಂಥದ್ದೇ ಇನ್ನೊಂದು ಹಾಕುತ್ತಾಳೆ. ಸಣ್ಣಿ ಇನ್ನೂ ಬಂದಿಲ್ಲ. ಆದರೆ ಅವಳು ಬದುಕಿದ್ದಾಳೆ, ದೀಪವನ್ನು ಹುಡುಕುತ್ತಿದ್ದಾಳೆ ಎಂದು ಹೊನ್ನವ್ವನಿಗೆ ಗೊತ್ತು.

ನೀತಿ: ತಂತಿ ತಾಳುವಷ್ಟಕ್ಕೇ ಫ್ಯೂಸ್ ಇರಬೇಕು. ನಮ್ಮನ್ನು ಕಾಯುವುದನ್ನು ಅಡ್ಡಿಯೆಂದು ತಿಳಿದು ಕಿತ್ತುಹಾಕಿದರೆ, ನಾವು ಯಾವುದಕ್ಕಾಗಿ ಕಾದಿದ್ದೆವೋ ಅದನ್ನೇ ಕಳೆದುಕೊಳ್ಳುತ್ತೇವೆ.