ಸುಣ್ಣದ ಪಟ್ಟೆ ಮತ್ತು ನರಿಯ ಕಾರು

ನಡುವೆ ಹೊಳೆ ಹರಿಯುವ ಒಂದು ಕಾಡಿನಲ್ಲಿ ಭರಮಣ್ಣ ಎಂಬ ನರಿ ಬಾಡಿಗೆ ಕಾರು ಓಡಿಸುತ್ತಿದ್ದ. ಕಾರು ಕೊಂಡು ವರ್ಷವಾದರೂ ಸೀಟಿನ ಪ್ಲಾಸ್ಟಿಕ್ ಹೊದಿಕೆ ತೆಗೆದಿರಲಿಲ್ಲ. ಹತ್ತಿದವರು ಅದರ ಮೇಲೆ ಜಾರುತ್ತಲೇ ಕೂರಬೇಕಿತ್ತು.

ಹೊಳೆಗೆ ಇದ್ದದ್ದು ಒಂದೇ ತಗ್ಗಿನ ಸೇತುವೆ. ಅದರ ಪಕ್ಕದ ಬಂಡೆಗೆ ಹಿರಿಯರು ಸುಣ್ಣದ ಪಟ್ಟೆ ಬಳಿದಿದ್ದರು. ನೀರು ಆ ಪಟ್ಟೆ ಮುಟ್ಟಿದರೆ ಆನೆಯೂ ಸೇತುವೆಗೆ ಕಾಲಿಡುತ್ತಿರಲಿಲ್ಲ. ಮಳೆಗಾಲದಲ್ಲಿ ಇದರಿಂದ ನರಿಗೆ ವಾರಗಟ್ಟಲೆ ಬಾಡಿಗೆ ತಪ್ಪುತ್ತಿತ್ತು. ಒಂದು ದಿನ ಅವನು ಹಳೆಯ ಪಟ್ಟೆಗೆ ಕೆಸರು ಮೆತ್ತಿ, ಒಂದು ಮೊಳ ಮೇಲೆ ಹೊಸ ಪಟ್ಟೆ ಎಳೆದುಬಿಟ್ಟ.

ಮರುದಿನ ಮುಂಗುಸಿ ಸಾತವ್ವ ಎರಡು ಮರಿಗಳೊಂದಿಗೆ ಬಂದಳು. ಅವಳ ಬಿಲ ಆಚೆ ದಡದಲ್ಲಿತ್ತು. ಅವರಿವರ ಕಾರು ತೊಳೆದು, ಯಾರ ಹಂಗಿಲ್ಲದೆ ಬದುಕು ಕಟ್ಟಿಕೊಂಡವಳು ಅವಳು. ಬಂಡೆ ನೋಡಿದಳು, ನೀರು ಪಟ್ಟೆಗಿಂತ ಕೆಳಗಿತ್ತು. ಆದರೂ ಕೆಂಪು ನೀರಿನ ರಭಸ ಕಂಡು ಅನುಮಾನಿಸಿದಳು.

"ಗಾಡಿ ತೊಳೆಯೋಳಿಗೆ ಗಾಡೀಲಿ ಕೂರೋಕೆ ಭಯವೇನು, ತಂಗಿ?" ಎಂದ ನರಿ.

ಆ ಮಾತು ಸಾತವ್ವನಿಗೆ ಚುಚ್ಚಿತು. ಮರಿಗಳನ್ನು ಕೂರಿಸಿ, ಬೆಲ್ಟ್ ಬಿಗಿದು, ತಾನೂ ಹತ್ತಿದಳು.

ಸೇತುವೆಯ ನಡುವೆ ಎಂಜಿನ್ ಕೆಮ್ಮಿ ನಿಂತಿತು. ನೀರು ಚಕ್ರಗಳನ್ನು ಮುಚ್ಚಿತು. ಕಾರು ತೇಲಿ, ಸೇತುವೆಯಿಂದ ಜಾರಿ, ಕೆಳಗಿದ್ದ ಹೊಂಗೆ ಮರಕ್ಕೆ ಹೋಗಿ ಒರಗಿತು.

"ಅಣ್ಣಾ, ಗಾಜು ಇಳಿಸು," ಎಂದಳು ಸಾತವ್ವ.

"ಇಳಿಸಿದ್ರೆ ಸೀಟು ಹಾಳಾಗುತ್ತೆ. ಸುಮ್ನೆ ಕೂತಿರು, ಯಾರಾದ್ರೂ ಹಗ್ಗ ತರ್ತಾರೆ."

ಅವಳು ಮರಿಗಳ ಬೆಲ್ಟ್ ಬಿಚ್ಚಿದಳು. ಬಾಗಿಲು ತಳ್ಳಿದಳು, ಹೊರಗಿನ ನೀರು ಅದನ್ನು ಒತ್ತಿ ಹಿಡಿದಿತ್ತು. ಅಷ್ಟರಲ್ಲಿ ನೀರು ಸೀಟಿನ ಮಟ್ಟಕ್ಕೆ ಬಂತು. ಈಗ ನರಿಯೂ ಹೆದರಿ ಗಾಜಿನ ಗುಂಡಿ ಒತ್ತಿದ. ಗುಂಡಿ ಕೆಲಸ ಮಾಡಲಿಲ್ಲ.

ಸಾತವ್ವ ಎದುರಿನ ಸೀಟಿನ ಪ್ಲಾಸ್ಟಿಕ್ ಹರಿದು, ತಲೆ ಒರಗಿಸುವ ದಿಂಬನ್ನು ಕಿತ್ತಳು. ಅದರ ಕೆಳಗೆ ಎರಡು ಕಬ್ಬಿಣದ ಸರಳುಗಳಿರುತ್ತವೆ ಎಂಬುದು ಕಾರು ತೊಳೆದ ಕೈಗೆ ಗೊತ್ತಿತ್ತು. ಸರಳಿನ ತುದಿಯಿಂದ ಪಕ್ಕದ ಗಾಜಿನ ಮೂಲೆಗೆ ಬಡಿದಳು. ಮೂರನೆಯ ಏಟಿಗೆ ಗಾಜು ಪುಡಿಯಾಯಿತು. ಮೊದಲು ಮರಿಗಳನ್ನು ಕಾರಿನ ಮೇಲಕ್ಕೆ, ಅಲ್ಲಿಂದ ಹೊಂಗೆಯ ಕೊಂಬೆಗೆ ಹತ್ತಿಸಿದಳು.

ನರಿ ಮಾತ್ರ ಸ್ಟೀರಿಂಗ್ ತಬ್ಬಿಕೊಂಡು "ನನ್ನ ಕಾರು, ನನ್ನ ಕಾರು" ಎನ್ನುತ್ತಿದ್ದ.

"ಕಾರನ್ನ ಹೊಳೆ ನೋಡ್ಕೊಳ್ಳುತ್ತೆ. ನೀನು ಬಾ," ಎಂದು ಅವಳು ಕಿವಿ ಹಿಡಿದು ಎಳೆದಳು. ಇಬ್ಬರೂ ಕೊಂಬೆ ಸೇರುವಷ್ಟರಲ್ಲಿ ಕಾರು ಮುಳುಗಿತು.

ಮೂರನೆಯ ದಿನ ಹೊಳೆ ಇಳಿಯಿತು, ಅವರೂ ಕೊಂಬೆಯಿಂದ ಇಳಿದರು. ನೀರಿಗೆ ಕೆಸರೆಲ್ಲ ತೊಳೆದುಹೋಗಿ, ಬಂಡೆಯ ಮೇಲೆ ಮೇಲೊಂದು ಕೆಳಗೊಂದು ಎರಡು ಪಟ್ಟೆಗಳು ಕಂಡವು. ಕಾಡೆಲ್ಲ ಬಂದು ನೋಡಿತು. ಆನೆ ಬಂಡೆ ಉಜ್ಜಲು ಒಂದು ಹಿಡಿ ತೆಂಗಿನ ನಾರು ತಂದು ಅವನ ಮುಂದಿಟ್ಟಿತು.

ನರಿ ತಲೆ ತಗ್ಗಿಸಿ ನಾರು ಎತ್ತಿಕೊಂಡ.

"ತೊಳೆಯೋದು ನಾನು ಹೇಳಿಕೊಡ್ತೀನಿ, ಅಣ್ಣಾ," ಎಂದಳು ಸಾತವ್ವ. "ಮೇಲಿನ ಪಟ್ಟೆಯಿಂದ ಶುರು ಮಾಡು."

ನೀತಿ: ಗುರುತನ್ನು ಮೇಲೇರಿಸಿದರೆ ಹೊಳೆ ಕೆಳಗಿಳಿಯುವುದಿಲ್ಲ, ನೀರಿಗೆ ಸಿಕ್ಕ ಕಾರಿನಲ್ಲಿ ಮೊದಲು ಗಾಜು ಇಳಿಸಬೇಕು, ಕಾರಿನ ಆಸೆ ಬಿಟ್ಟು ಜೀವ ಉಳಿಸಿಕೊಳ್ಳಬೇಕು.