ಅಂಚೆಯಲ್ಲಿ ಬಂದ ಜೇಡ

೨೦೧೪ ಫೆಬ್ರವರಿ ೪, ಮಂಗಳವಾರ. ಬೆಳಗ್ಗೆ ಚಳಿ, ಮಧ್ಯಾಹ್ನ ಒಣಗಾಳಿ. ಆಕಾಶದಲ್ಲಿ ಮೋಡವಿರಲಿಲ್ಲ.

ಗುರುಗಳು ಜಗಲಿಯಲ್ಲಿ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಶಿಷ್ಯ ಓಬಳೇಶ ಹೆಗಲಿಗೆ ಚೀಲ ಹಾಕಿಕೊಂಡು ಬಂದು ನಿಂತ. ಅವನ ಕೈಯಲ್ಲಿ ಹಳೆಯ ಪಂಚೆಯ ತುಂಡಿನಲ್ಲಿ ಕಟ್ಟಿದ ಒಂದು ಗಂಟಿತ್ತು.

“ಅಯ್ಯಾ, ನಾಲ್ಕೂವರೆ ಬಸ್ಸಿಗೆ ಹೊರಟಿದ್ದೇನೆ. ಹೋಗುವ ಮೊದಲು ಒಂದು ಪ್ರಶ್ನೆ ಇದೆ.”

“ಕೂತು ಕೇಳು. ನಿಂತು ಕೇಳಿದರೆ ನನ್ನ ಕತ್ತು ನೋಯುತ್ತದೆ.”

ಓಬಳೇಶ ಕುಳಿತ. ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡ.

“ಹನ್ನೊಂದು ವರ್ಷ ನಿಮ್ಮ ಪತ್ರ ಓದಿದ್ದೇನೆ. ಅರವತ್ತೆರಡು ಪತ್ರ, ಎಲ್ಲ ಈ ಗಂಟಿನಲ್ಲಿವೆ. ನಾನು ಕೇಳಿದ್ದಕ್ಕೆಲ್ಲ ಅವುಗಳಲ್ಲಿ ಉತ್ತರವಿತ್ತು. ಇಲ್ಲಿಗೆ ಬಂದು ನಲವತ್ತು ದಿನವಾಯಿತು. ನನ್ನ ಹೆಸರನ್ನು ಮೂರು ಸಲ ತಪ್ಪಾಗಿ ಕರೆದಿರಿ. ಚಹಾ ತಣ್ಣಗಾಯಿತೆಂದು ಬೈದಿರಿ. ಮಧ್ಯಾಹ್ನ ಗೊರಕೆ ಹೊಡೆಯುತ್ತೀರಿ. ಪಾಠ ಒಂದೂ ಆಗಲಿಲ್ಲ.”

“ಗೊರಕೆ ಜೋರಾಗಿರುತ್ತದೆಯೇ?”

“ಜೋರಾಗಿಯೇ ಇರುತ್ತದೆ ಅಯ್ಯಾ. ಪತ್ರದಲ್ಲಿದ್ದವರು ನನ್ನ ಗುರುಗಳೋ, ಇಲ್ಲಿ ಕೂತಿರುವವರೋ? ನನಗೆ ತಿಳಿಯುತ್ತಿಲ್ಲ. ಈ ಬಸ್ಸು ಹತ್ತಿದರೆ ಮತ್ತೆ ಬರುವವನಲ್ಲ ನಾನು. ಪತ್ರಗಳಷ್ಟೇ ಸಾಕು ಎನಿಸಿದೆ.”

ಗುರುಗಳು ಒಂದು ಬೀಜವನ್ನು ಬುಟ್ಟಿಗೆ ಹಾಕಿದರು. ಇನ್ನೊಂದು ಹಣ್ಣನ್ನು ಕೈಗೆತ್ತಿಕೊಂಡು ಹೇಳತೊಡಗಿದರು.

ಒಂದು ಊರಿನಲ್ಲಿ ಗಡಿಯಾರ ರಿಪೇರಿ ಮಾಡುವವನೊಬ್ಬನಿದ್ದ. ಒಂಟಿ ಮನುಷ್ಯ. ಮೊದಲು ಒಂದು ಗಿಳಿ ಸಾಕಿದ್ದ, ಅದು ಸತ್ತಿತು. ಆಮೇಲೆ ಒಂದು ನಾಯಿ ಸಾಕಿದ, ಅದೂ ಸತ್ತಿತು. ಎರಡನ್ನೂ ತಾನೇ ಹೂಳಿದ. ಇನ್ನೊಂದನ್ನು ಹೂಳುವ ಶಕ್ತಿ ತನಗಿಲ್ಲ ಎಂದುಕೊಂಡ. ಆದರೆ ಮನೆಯಲ್ಲಿ ಇನ್ನೊಂದು ಜೀವ ಇಲ್ಲದೆ ಇರಲೂ ಆಗಲಿಲ್ಲ.

ಒಂದು ದಿನ ಹಳೆಯ ಪತ್ರಿಕೆಯೊಂದರಲ್ಲಿ ಟರಾಂಟುಲಾ ಎಂಬ ಜೇಡದ ವಿಷಯ ಓದಿದ. ಅಂಗೈಯಗಲದ ಜೇಡ, ಮೈತುಂಬ ರೋಮ. ಸದ್ದಿಲ್ಲ, ವಾಸನೆಯಿಲ್ಲ. ಗಂಡು ನಾಲ್ಕೈದು ವರ್ಷಕ್ಕೆ ಸಾಯುತ್ತದೆ. ಹೆಣ್ಣು ಇಪ್ಪತ್ತು ವರ್ಷವನ್ನೂ ದಾಟುತ್ತದೆ. ಅವನಿಗೆ ಆಗ ಐವತ್ತಮೂರು. ಲೆಕ್ಕ ಹಾಕಿದ. ಹೆಣ್ಣು ಜೇಡವಾದರೆ ತನ್ನ ಕಾಲಕ್ಕೆ ಸಾಕು ಎಂದು ತೀರ್ಮಾನಿಸಿದ.

ಹತ್ತಿರದ ಪಟ್ಟಣದಲ್ಲಿ ಬಣ್ಣದ ಮೀನು ಮಾರುವ ಅಂಗಡಿಯೊಂದಿತ್ತು. ಅಲ್ಲಿ ಅಂಥದೊಂದು ಜೇಡ ಇದೆ ಎಂದು ಕೇಳಿ ಹೋದ. ಗಾಜಿನ ಪೆಟ್ಟಿಗೆಯಲ್ಲಿ ಮಣ್ಣಿತ್ತು, ಮಣ್ಣಿನಲ್ಲಿ ಒಂದು ಬಿಲವಿತ್ತು. ಅರ್ಧ ದಿನ ಕಾದ. ಜೇಡ ಹೊರಗೆ ಬರಲಿಲ್ಲ. ಗಂಡೋ ಹೆಣ್ಣೋ ಎಂದು ಕೇಳಿದರೆ ಅಂಗಡಿಯವನು, “ನಿಮಗೆ ಯಾವುದು ಬೇಕು ಹೇಳಿ, ಅದೇ” ಎಂದ. ಖುದ್ದಾಗಿ ಬಂದು ಒಂದು ಬಿಲ ನೋಡಿದಂತಾಯಿತು ಎಂದು ಬೇಸರದಿಂದ ಹಿಂದಿರುಗಿದ.

ಬೇರೊಂದು ಜಿಲ್ಲೆಯಲ್ಲಿ ಒಬ್ಬ ಹೆಂಗಸು ಇಂಥ ಜೇಡಗಳನ್ನು ಸಾಕಿ ಮಾರುತ್ತಿದ್ದಳು. ಅವಳ ವಿಳಾಸ ಸಿಕ್ಕಿತು. ಪತ್ರ ಬರೆದ. ಒಂಬತ್ತು ಪ್ರಶ್ನೆ ಕೇಳಿದ, ಒಂಬತ್ತಕ್ಕೂ ಉತ್ತರ ಬಂತು. ಹೆಣ್ಣು ಇದೆ. ಮೂರು ವರ್ಷದ್ದು. ವಾರಗಟ್ಟಲೆ ಕದಲದೆ ಕೂರುವುದುಂಟು, ಹೆದರಬೇಡಿ. ತಿಂಗಳುಗಟ್ಟಲೆ ತಿನ್ನದೆ ಇರುವುದುಂಟು, ಒತ್ತಾಯ ಮಾಡಬೇಡಿ. ಮುಟ್ಟಬೇಡಿ. ಹತ್ತಿರ ಹೋಗಿ ಉಸಿರು ಬಿಡಬೇಡಿ. ನೀರು ಮಾತ್ರ ತಪ್ಪಿಸಬೇಡಿ.

ಅರ್ಧ ದಿನ ಅಂಗಡಿಯಲ್ಲಿ ನಿಂತರೂ ತಿಳಿಯದ್ದು ಎರಡು ಹಾಳೆಯಲ್ಲಿ ತಿಳಿಯಿತಲ್ಲ ಎಂದು ಅವನಿಗೆ ಸಂತೋಷವಾಯಿತು. ಅಂದೇ ಪೂರ್ತಿ ಹಣ ಮನಿಯಾರ್ಡರ್ ಮಾಡಿದ.

ಹದಿನೈದು ದಿನಕ್ಕೆ ಪಾರ್ಸೆಲ್ ಬಂತು. ಅಂಚೆಯವನು ಅದನ್ನು ಕೈಯಲ್ಲಿ ತೂಗಿ ನೋಡಿದ.

“ಏನ್ ಸ್ವಾಮಿ, ಇಷ್ಟು ಹಗುರ? ಖಾಲಿ ಡಬ್ಬಿಗೆ ದುಡ್ಡು ಕಟ್ಟಿದಿರಾ?”

“ಜೇಡ ಕಣಯ್ಯಾ. ಮೆಲ್ಲಗೆ ಹಿಡಿ.”

“ಜೇಡಕ್ಕೆ ದುಡ್ಡಾ? ನಮ್ಮನೆಗೆ ಬಂದಿದ್ರೆ ಬಿಟ್ಟಿ ಕೊಡ್ತಿದ್ದೆ. ನಮ್ಮವಳು ದಿನಾ ಪೊರಕೆ ಹಿಡಿದು ಅದೇ ಕೆಲಸ ಮಾಡ್ತಾಳೆ.”

ಒಳಗೆ ಹತ್ತಿಯ ಮೇಲೆ ಜೇಡ ಕುಳಿತಿತ್ತು. ಎಂಟು ಕಾಲು, ಮೈತುಂಬ ರೋಮ, ಮುಂದೆ ಎರಡು ಕಪ್ಪು ಹಲ್ಲು. ಎಲ್ಲ ಪತ್ರದಲ್ಲಿ ಬರೆದ ಹಾಗೆಯೇ. ಮುಟ್ಟದೆ, ಉಸಿರು ಬಿಗಿಹಿಡಿದು, ರಟ್ಟಿನ ಚೂರಿನಿಂದ ಎತ್ತಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟ. ಬಂದ ಡಬ್ಬಿಯನ್ನು ಎಸೆಯಲಿಲ್ಲ. ಆ ಕಸುಬಿನವರು ಸಣ್ಣ ಡಬ್ಬಿ ಎಸೆಯುವುದಿಲ್ಲ. ಹತ್ತಿಯ ಮೇಲೆಯೇ ಸಣ್ಣ ತಿರುಪುಗಳನ್ನು ಸುರಿದು ಕಪಾಟಿನಲ್ಲಿಟ್ಟ.

ಜೇಡ ಕದಲಲಿಲ್ಲ. ಕದಲುವುದಿಲ್ಲ ಎಂದು ಪತ್ರದಲ್ಲಿತ್ತು. ಒಂದು ಜಿರಳೆ ಹಿಡಿದು ಪೆಟ್ಟಿಗೆಯೊಳಗೆ ಬಿಟ್ಟ. ಮರುದಿನ ಜಿರಳೆ ಕಾಣಲಿಲ್ಲ. ತಿಂದಿದೆ ಎಂದುಕೊಂಡ. ಮುಚ್ಚಳದಲ್ಲಿ ಗಾಳಿಗೆಂದು ಅವನೇ ಕೊರೆದ ತೂತುಗಳಿದ್ದವು. ಬಟ್ಟಲಿನ ನೀರು ದಿನವೂ ಒಂದಿಷ್ಟು ಕಡಿಮೆಯಾಗುತ್ತಿತ್ತು, ಬೇಸಿಗೆಯಲ್ಲಿ ಹೆಚ್ಚು. ಬೇಸಿಗೆಯಲ್ಲಿ ಯಾರಿಗೂ ದಾಹ ಹೆಚ್ಚು ಎಂದುಕೊಂಡ. ಫ್ಯಾನ್ ಹಾಕಿದಾಗ ಒಂದು ಕಾಲು ಸ್ವಲ್ಪ ಅಲುಗುತ್ತಿತ್ತು. ಅಂಥ ದಿನ ಅವನಿಗೆ ಊಟ ರುಚಿಸುತ್ತಿತ್ತು.

ಹೀಗೆ ನಾಲ್ಕು ವರ್ಷ ಕಳೆಯಿತು.

“ಅಯ್ಯಾ,” ಎಂದ ಓಬಳೇಶ. “ಅದು ಸತ್ತಿತ್ತೇ?”

“ಇಲ್ಲ. ಸಾಯುವುದಕ್ಕೆ ಅದರೊಳಗೆ ಏನೂ ಇರಲಿಲ್ಲ. ಅದು ಜೇಡ ಕಳಚಿದ ಪೊರೆ. ಹಾವು ಬಿಡುವ ಹಾಗೆ ಈ ಜೇಡವೂ ಪೊರೆ ಬಿಡುತ್ತದೆ. ಕಾಲು, ಹಲ್ಲು, ರೋಮ ಎಲ್ಲ ಇದ್ದ ಹಾಗೆಯೇ ಕಳಚಿಬರುತ್ತದೆ. ಪಕ್ಕದಲ್ಲಿಟ್ಟರೆ ಯಾವುದು ಯಾವುದೆಂದು ಹೇಳುವುದು ಕಷ್ಟ.”

“ಹಾಗಾದರೆ ಆ ಹೆಂಗಸು ಮೋಸ ಮಾಡಿದಳು.”

“ಕೇಳು,” ಎಂದರು ಗುರುಗಳು.

ಅವಳು ವರ್ಷಕ್ಕೆ ಎರಡು ಸಲ ಕಾರ್ಡು ಬರೆಯುತ್ತಿದ್ದಳು. “ಹೆಣ್ಣು ಕ್ಷೇಮವಾಗಿದೆ. ಚೆನ್ನಾಗಿ ತಿನ್ನುತ್ತಿದೆ. ಅನುಕೂಲ ನೋಡಿ ಬನ್ನಿ.” ಇವಳ ಹತ್ತಿರ ಇನ್ನೊಂದು ಹೆಣ್ಣಿದೆ, ಅದನ್ನೂ ಮಾರಲು ನೋಡುತ್ತಿದ್ದಾಳೆ ಎಂದು ಅವನು ತಿಳಿದ. ತಪ್ಪದೆ ಉತ್ತರ ಬರೆಯುತ್ತಿದ್ದ. “ಸಂತೋಷ. ಇಲ್ಲಿ ನಮ್ಮವಳೂ ಕ್ಷೇಮ. ಈಚೆಗೆ ನೀರು ಜಾಸ್ತಿ ಕುಡಿಯುತ್ತಾಳೆ.” ಅದನ್ನು ಓದಿ ಅವಳಿಗೂ ಸಂತೋಷವಾಗುತ್ತಿತ್ತು. ಇಬ್ಬರೂ ಬರೆದದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ.

ನಾಲ್ಕನೆಯ ವರ್ಷ ಇನ್ನೊಂದು ಪಾರ್ಸೆಲ್ ಬಂತು. ಈ ಸಲ ಚೀಟಿ ಮೇಲೆಯೇ ಇತ್ತು. “ಇದು ಈ ವರ್ಷದ ಪೊರೆ. ನೋಡಿ, ಎಷ್ಟು ಬೆಳೆದಿದ್ದಾಳೆ. ಬರುವಾಗ ದೊಡ್ಡ ಪೆಟ್ಟಿಗೆ ತನ್ನಿ.”

ಡಬ್ಬಿಯಲ್ಲಿದ್ದುದು ಅವನ ಜೇಡದ ಹಾಗೆಯೇ ಇತ್ತು, ಗಾತ್ರ ಮಾತ್ರ ದೊಡ್ಡದು. ಅವನು ಎರಡನ್ನೂ ಮೇಜಿನ ಮೇಲೆ ಇಟ್ಟ. ಅವನ ಬಳಿ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಇತ್ತು. ದಿನವೂ ಹತ್ತು ಗಡಿಯಾರದ ಒಳಗನ್ನು ಅದರಲ್ಲಿ ನೋಡುತ್ತಿದ್ದ. ಉಸಿರು ತಾಗೀತೆಂದು ಜೇಡದ ಹತ್ತಿರ ಒಮ್ಮೆಯೂ ಅದನ್ನು ತಂದಿರಲಿಲ್ಲ. ಈಗ ತಂದ. ಬೆನ್ನಿನ ಮೇಲೆ ಒಂದು ಸೀಳು ಕಾಣಿಸಿತು. ಸೀಳಿನೊಳಗೆ ಬೆಳಕು ಕಾಣಿಸಿತು.

ಕಪಾಟಿನಿಂದ ಹಳೆಯ ಡಬ್ಬಿ ತೆಗೆದ. ತಿರುಪುಗಳನ್ನು ಸುರಿದು ಹತ್ತಿಯನ್ನು ಎತ್ತಿದ. ಅಡಿಯಲ್ಲಿ ಮಡಿಸಿದ ಕಾಗದವಿತ್ತು. “ಗಂಡೋ ಹೆಣ್ಣೋ ಎಂಬುದು ಪೊರೆಯಲ್ಲಿ ಮಾತ್ರ ಖಚಿತವಾಗಿ ತಿಳಿಯುತ್ತದೆ. ಅದಕ್ಕೇ ಪೊರೆ ಕಳಿಸಿದ್ದೇನೆ. ತಿಳಿದವರಿಗೆ ತೋರಿಸಿ. ಒಪ್ಪಿಗೆಯಾದರೆ ಬನ್ನಿ. ಜೀವವನ್ನು ನಾನು ಅಂಚೆಯಲ್ಲಿ ಕಳಿಸುವುದಿಲ್ಲ, ಬಂದವರ ಕೈಗೆ ಕೊಡುತ್ತೇನೆ.”

ಮರುದಿನ ಅವನು ಅಂಗಡಿ ಮುಚ್ಚಿ ಬಸ್ಸು ಹತ್ತಿದ. ದೊಡ್ಡ ಪೆಟ್ಟಿಗೆಯನ್ನೂ ಎರಡನೆಯ ಪೊರೆಯನ್ನೂ ಒಯ್ದ. ಮೊದಲನೆಯದನ್ನು ಮನೆಯಲ್ಲೇ ಬಿಟ್ಟ. ಹೊರಡುವ ಮುಂಚೆ ಅದರ ಬಟ್ಟಲಿಗೆ ನೀರು ಹಾಕಿದ.

“ಗೊತ್ತಾದ ಮೇಲೂ?” ಎಂದ ಓಬಳೇಶ.

“ಗೊತ್ತಾದ ಮೇಲೂ.”

ಆ ಹೆಂಗಸು ಬಾಗಿಲಲ್ಲೇ ಸಿಕ್ಕಿದಳು.

“ಬಂದ್ರಾ! ನಾಲ್ಕು ವರ್ಷ ಆಯ್ತಲ್ಲ, ಬಸ್ಸು ಕೆಟ್ಟಿತ್ತಾ? ಒಬ್ಬರೇ ಬಂದ್ರಾ? ನಿಮ್ಮ ಮನೆಯವರು ಹೇಗಿದ್ದಾರೆ? ನೀರು ಜಾಸ್ತಿ ಕುಡೀತಾರೆ ಅಂತ ಬರೆದಿದ್ರಿ. ಸಕ್ಕರೆ ಕಾಯಿಲೆ ಇದ್ದೀತು, ತೋರಿಸ್ಬೇಕಿತ್ತು.”

“ನನಗೆ ಮದುವೆಯಾಗಿಲ್ಲ ಅಮ್ಮ,” ಎಂದ ಅವನು. ನಡೆದದ್ದನ್ನೆಲ್ಲ ಹೇಳಿದ. ಅವಳು ನಗಲಿಲ್ಲ. ಒಳಗೆ ಕರೆದೊಯ್ದಳು.

ಗೋಡೆಯ ಮೇಲೆ ಹಲಗೆಗಳಿದ್ದವು, ಒಂದೊಂದು ಜೇಡಕ್ಕೆ ಒಂದೊಂದು. ಅದು ಮರಿಯಾಗಿದ್ದಾಗಿನಿಂದ ಬಿಟ್ಟ ಪೊರೆಗಳನ್ನೆಲ್ಲ ಅವಳು ಸಾಲಾಗಿ ಸೂಜಿ ಚುಚ್ಚಿ ಇಟ್ಟಿದ್ದಳು. ಯಾವ ಜೀವ ಯಾವುದು, ಎಷ್ಟು ಬೆಳೆಯಿತು ಎಂಬುದಕ್ಕೆ ಅವಳಲ್ಲಿ ಬೇರೆ ದಾಖಲೆ ಇರಲಿಲ್ಲ. ಅವನು ತಂದ ಪೊರೆಯನ್ನು ತೆಗೆದುಕೊಂಡು ಒಂದು ಹಲಗೆಯ ಕೊನೆಯಲ್ಲಿ ಚುಚ್ಚಿದಳು. ಆ ಸಾಲಿನ ನಡುವೆ ಒಂದು ಜಾಗ ಖಾಲಿ ಇತ್ತು. ಅವನು ಅದನ್ನು ಕಂಡ. ಏಕೆಂದು ಕೇಳಲಿಲ್ಲ.

ಆಮೇಲೆ ಅವಳು ಜೇಡವನ್ನು ತೋರಿಸಿದಳು. ಬಿಲದ ಬಾಯಲ್ಲಿ ಎರಡು ಕಾಲು ಮಾತ್ರ ಕಾಣುತ್ತಿದ್ದವು. ಅವನು ಕಾದ. ಮಧ್ಯಾಹ್ನ ಕಳೆದ ಮೇಲೆ ಅದು ಹೊರಗೆ ಬಂತು. ಇವನನ್ನು ಕಂಡು ಮುಂಗಾಲೆತ್ತಿ ಹೆದರಿಸಿತು. ಇವನು ಕೈ ಚಾಚಿದ. ಅದು ತಿರುಗಿ ನಿಂತು ಹಿಂಗಾಲಿನಿಂದ ಮೈಯ ರೋಮ ಉಜ್ಜಿ ತೂರಿತು. ಆ ರೋಮ ತಾಗಿ ಅವನ ಮಣಿಕಟ್ಟು ಕೆಂಪಾಗಿ ಉರಿಯತೊಡಗಿತು.

“ನಾಲ್ಕು ವರ್ಷದಲ್ಲಿ ನಮ್ಮವಳು ಒಂದು ದಿನವೂ ಹೀಗೆ ಮಾಡಿದವಳಲ್ಲ,” ಎಂದ.

“ಮಾಡೋಕೆ ಅಲ್ಲಿ ಯಾರಿದ್ರು?”

ಅವನು ಮಣಿಕಟ್ಟು ತಿಕ್ಕಿಕೊಳ್ಳುತ್ತ ನಿಂತ. ಅವನಿಗೆ ಎಲ್ಲವೂ ಕಲಸಿಹೋಗಿತ್ತು. ಹಣ ಕೊಟ್ಟದ್ದು ಇದಕ್ಕೆ. ಬೆಳಗ್ಗೆ ಎದ್ದ ಕೂಡಲೇ ನೋಡುತ್ತಿದ್ದುದು ಮನೆಯಲ್ಲಿದ್ದ ಅದನ್ನು. ಊರಿನ ಸುದ್ದಿಯನ್ನೆಲ್ಲ ಹೇಳಿದ್ದು ಅದಕ್ಕೆ. ಇದಕ್ಕೆ ತಾನು ಯಾರೆಂಬುದೇ ತಿಳಿಯದು.

“ಇದರ ಪರಿಚಯ ನನಗಿಲ್ಲ ಅಮ್ಮ,” ಎಂದ.

“ಅದಕ್ಕೂ ನಿಮ್ಮ ಪರಿಚಯ ಇಲ್ಲ. ಬೇಡ ಅಂದ್ರೆ ನಾನೇ ಇಟ್ಕೋತೀನಿ. ಬೇಕು ಅಂದ್ರೆ ಇನ್ನೊಂದು ಬೆಲೆ ಇದೆ. ನೀವು ಅವತ್ತು ಕಳಿಸಿದ ದುಡ್ಡು ನಾಲ್ಕು ವರ್ಷದ ಮೇವಿಗೇ ಮುಗೀತು.”

ಬೆಲೆ ಏನೆಂದು ಹೇಳಿದಳು. ಅವನು ಖಾಲಿ ಪೆಟ್ಟಿಗೆ ಹಿಡಿದುಕೊಂಡು ಊರಿಗೆ ಮರಳಿದ. ಎರಡು ದಿನ ಅಂಗಡಿ ತೆರೆಯಲಿಲ್ಲ. ಮೂರನೆಯ ದಿನ ತೆರೆದ, ಆದರೆ ಒಬ್ಬರ ಗಡಿಯಾರದ ಮುಳ್ಳನ್ನು ಇನ್ನೊಬ್ಬರ ಗಡಿಯಾರಕ್ಕೆ ಹಾಕಿದ. ಮಣಿಕಟ್ಟಿನ ಉರಿ ಇಳಿದಿರಲಿಲ್ಲ. ಆಗಾಗ ಅದನ್ನೇ ನೋಡಿಕೊಳ್ಳುತ್ತಿದ್ದ.

ಎಂಟನೆಯ ದಿನ ಅದೇ ಬಸ್ಸಿನಲ್ಲಿ ಮತ್ತೆ ಹೋದ. ಕೇಳಿದ ಬೆಲೆ ಕೊಟ್ಟ. ಸಂಜೆ ತೊಡೆಯ ಮೇಲೆ ಪೆಟ್ಟಿಗೆ ಇಟ್ಟುಕೊಂಡು ಊರಿಗೆ ಬಂದ. ದಾರಿಯುದ್ದಕ್ಕೂ ಒಳಗೆ ಏನೋ ಮಣ್ಣು ಕೆದಕುವ ಸದ್ದು ಬರುತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು. ಬುಟ್ಟಿಯಲ್ಲಿದ್ದ ಬೀಜಗಳನ್ನು ಒಂದು ಕಡೆಗೆ ಸರಿಸಿದರು. ಬಸ್ಸು ಕೆರೆಯ ಏರಿಯ ಮೇಲೆ ಬರುತ್ತಿರುವುದು ಕೇಳಿಸಿತು. ಓಬಳೇಶ ಏಳಲಿಲ್ಲ.

“ನನಗೆ ಇನ್ನೂ ಗೊಂದಲವಾಯಿತು ಅಯ್ಯಾ. ಪೊರೆ ಸುಳ್ಳೆನ್ನುವ ಹಾಗಿಲ್ಲ, ಅದು ಆ ಜೇಡದ್ದೇ. ಅವಳ ಮಾತೂ ಸುಳ್ಳಲ್ಲ. ಹಣ ಮೊದಲೇ ಸಂದಿತ್ತು. ಅವಳು ಕೇಳಿದ ಇನ್ನೊಂದು ಬೆಲೆ ಯಾವುದು? ಎಂಟು ದಿನ ಯೋಚಿಸಿ ಕೊಡುವಂಥದ್ದು ಅವನ ಹತ್ತಿರ ಏನಿತ್ತು?”

ಗುರುಗಳು ಅವನ ತೊಡೆಯ ಮೇಲಿದ್ದ ಗಂಟನ್ನು ನೋಡಿದರು.

“ನಾಲ್ಕು ವರ್ಷ ನೀರಿಟ್ಟು ಸಾಕಿದ ಆ ಪೊರೆಯನ್ನೇ ಕೇಳಿದಳು, ಅದನ್ನೇ ಕೊಟ್ಟ.”