ಐದು ಗಡಿಗೆಯ ನೇರಳೆ

"ಗುರುಗಳೇ, ಎಲ್ಲವನ್ನೂ ಹುಡುಕಿ ಪಡೆದ ಉತ್ತರಕ್ಕೆ ಹೆಮ್ಮೆ ಪಡಬಹುದೇ?" ಎಂದು ಶಾಂಭವಿ ಕೇಳಿದಳು.

ಮಹಾರುದ್ರಪ್ಪನವರು ಪ್ರೋಗ್ರಾಂ ಬರೆಯುವ ವಿದ್ಯೆ ಹೇಳಿಕೊಡುವ ಗುರುಗಳು. ಆ ವಾರ ಶಿಷ್ಯರಿಗೆ ಕ್ರಮಯೋಜನೆ ಮತ್ತು ವಿಕಲ್ಪಗಳ ಸಮಸ್ಯೆಗಳನ್ನು ಕೊಟ್ಟಿದ್ದರು. ಕೆಲವು ವಸ್ತುಗಳನ್ನು ಯಾವ ಯಾವ ಕ್ರಮದಲ್ಲಿ ಇಡಬಹುದು, ಅವುಗಳಲ್ಲಿ ನಿಯಮಕ್ಕೆ ಒಪ್ಪುವವು ಯಾವುವು ಎಂದು ಕಂಪ್ಯೂಟರಿನಿಂದ ಹೇಳಿಸಬೇಕಿತ್ತು. ಶಾಂಭವಿಯ ಪ್ರೋಗ್ರಾಂ ಸರಿಯಾದ ಉತ್ತರವನ್ನೇ ಕೊಟ್ಟಿತ್ತು.

"ಜೊತೆಯವರು ನಗುತ್ತಾರೆ," ಎಂದಳು ಅವಳು. "ಒಂದೊಂದನ್ನೇ ಇಟ್ಟು ನೋಡುವುದು ಕತ್ತೆ ದುಡಿಮೆಯಂತೆ. ಜಾಣರಿಗೆ ಉತ್ತರ ಹೊಳೆಯುತ್ತದಂತೆ."

ಗುರುಗಳು ಉತ್ತರವಾಗಿ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಣ್ಣಗಾರನಿದ್ದ. ನೂಲಿಗೆ ಬಣ್ಣ ಹಾಕುವುದು ಅವನ ಕಸುಬು. ಅವನ ನೇರಳೆ ಬಣ್ಣಕ್ಕೆ ಸಾಟಿ ಇರಲಿಲ್ಲ. ಆ ಊರಿನ ಮದುಮಗಳು ಅದೇ ಬಣ್ಣದ ಸೀರೆ ಉಟ್ಟು ಹಸೆಗೆ ಬರಬೇಕು. ಅದಕ್ಕಾಗಿ ಮದುವೆ ಸೀರೆಯ ನೂಲಿಗೆ ಬಣ್ಣ ಹಾಕುವ ಹಕ್ಕನ್ನು ನೇಕಾರರು ಆ ಮನೆಗೇ ಬಿಟ್ಟಿದ್ದರು.

ಬಣ್ಣದ ಮನೆಯಲ್ಲಿ ಐದು ಗಡಿಗೆಗಳು. ಒಂದರಲ್ಲಿ ಅಳಲೆಕಾಯಿಯ ಕಷಾಯ, ಒಂದರಲ್ಲಿ ಪಟಿಕದ ನೀರು, ಒಂದರಲ್ಲಿ ಮಂಜಿಷ್ಠೆ ಬೇರಿನ ಕೆಂಪು, ಒಂದರಲ್ಲಿ ನೀಲಿ, ಇನ್ನೊಂದರಲ್ಲಿ ತುಕ್ಕು ಹಿಡಿದ ಕಬ್ಬಿಣ ನೆನೆಸಿದ ಕರಿನೀರು. ನೂಲು ಐದರಲ್ಲೂ ಒಂದೊಂದು ಸಲ ಮುಳುಗಿ ಏಳಬೇಕು. ಇಷ್ಟು ಅವನ ಮಗಳಿಗೆ ಗೊತ್ತಿತ್ತು. ಯಾವುದರ ನಂತರ ಯಾವುದು ಎಂಬುದನ್ನು ಮಾತ್ರ ಬಣ್ಣಗಾರ ಯಾರಿಗೂ ತೋರಿಸಿರಲಿಲ್ಲ. ಕಾಲ ಬಂದಾಗ ಹೇಳುತ್ತೇನೆ ಎನ್ನುತ್ತಿದ್ದ. ಕಾಲ ಬರಲಿಲ್ಲ. ಒಂದು ಬೆಳಿಗ್ಗೆ ಹೊಳೆಯಲ್ಲಿ ನೂಲು ಜಾಲಿಸುತ್ತಿದ್ದವನು ಕುಸಿದು ಬಿದ್ದ. ಮತ್ತೆ ಏಳಲಿಲ್ಲ.

ತಿಥಿ ಮುಗಿಯುವ ಮೊದಲೇ ನೆರೆಯೂರಿನ ಒಬ್ಬ ವರ್ತಕ ಬಂದ. ಅವನ ಕೈಯಲ್ಲಿ ನೇರಳೆ ಬಟ್ಟೆಯ ಒಂದು ತುಂಡಿತ್ತು. "ಸತ್ತವನು ಈ ಬಣ್ಣದ ಕ್ರಮವನ್ನು ನನಗೆ ಮಾರಿದ್ದಾನೆ. ಮದುವೆ ನೂಲಿನ ಹಕ್ಕು ಇನ್ನು ನನಗೆ ಸೇರಬೇಕು" ಎಂದ. ನೇಕಾರರ ಹಿರಿಯ, ಕಾರ್ತಿಕ ಹುಣ್ಣಿಮೆಗೆ ಸಭೆ ಸೇರಿ ತೀರ್ಮಾನಿಸೋಣ ಎಂದ.

ಹಕ್ಕು ಹೋಗುತ್ತದೆ ಎಂಬುದಕ್ಕಿಂತ ಆ ಮಾತೇ ಮಗಳನ್ನು ಹೆಚ್ಚು ಚುಚ್ಚಿತು. ಹೆತ್ತ ಮಗಳಿಗೆ ಹೇಳದ್ದನ್ನು ಹೊರಗಿನವನಿಗೆ ಮಾರಿದನಂತೆ ಎಂದು ಊರು ಆಗಲೇ ಆಡಿಕೊಳ್ಳುತ್ತಿತ್ತು.

ಬಣ್ಣಗಾರನಿಗೆ ಒಬ್ಬ ತಮ್ಮನಿದ್ದ. ಕೈಚಳಕದವನು. "ಅಣ್ಣನ ಕೈ ನೋಡುತ್ತಲೇ ಬೆಳೆದಿದ್ದೇನೆ. ನನಗೆ ಹೊಳೆಯುತ್ತದೆ ಬಿಡು" ಎಂದು ಅವನು ಕೆಲಸಕ್ಕಿಳಿದ. ಮನಸ್ಸು ಎಳೆದ ಗಡಿಗೆಗೆ ನೂಲು ಅದ್ದಿದ. ನಿನ್ನೆ ಸೋತ ಕ್ರಮದಲ್ಲೇ ಇಂದೂ ಸೋಲುತ್ತಿರುವುದು ಅವನ ಗಮನಕ್ಕೆ ಬರಲಿಲ್ಲ. ಆದರೂ ಒಂದು ಮಧ್ಯಾಹ್ನ ಅವನು ಕೂಗುತ್ತ ಹೊರಗೆ ಓಡಿ ಬಂದ. ಕೈಯಲ್ಲಿದ್ದ ನೂಲಿನ ಲಡಿ ನೇರಳೆಯಾಗಿತ್ತು. ಮನೆಯವರೆಲ್ಲ ಕುಣಿದಾಡಿದರು.

"ಯಾವ ಕ್ರಮ, ಚಿಕ್ಕಪ್ಪ?" ಎಂದು ಮಗಳು ಕೇಳಿದಳು.

ಚಿಕ್ಕಪ್ಪ ಗಡಿಗೆಗಳತ್ತ ತಿರುಗಿ ನೋಡಿದ. ಅದ್ದಿದ ಕ್ರಮ ನೆನಪಾಗಲಿಲ್ಲ. ಮರುದಿನವೆಲ್ಲ ಹೆಣಗಿದ. ಬೂದಿ ಬಣ್ಣ ಬಂತು, ಇಟ್ಟಿಗೆ ಬಣ್ಣ ಬಂತು. ನೇರಳೆ ಬರಲಿಲ್ಲ.

ಆಗ ಮಗಳು ಕುಳಿತು ಯೋಚಿಸಿದಳು. ಮೊದಲ ಗಡಿಗೆಯಾಗಿ ಐದರಲ್ಲಿ ಯಾವುದಾದರೂ ಇರಬಹುದು. ಆಮೇಲೆ ಉಳಿದ ನಾಲ್ಕರಲ್ಲಿ ಒಂದು, ಆಮೇಲೆ ಮೂರರಲ್ಲಿ, ಆಮೇಲೆ ಎರಡರಲ್ಲಿ. ಒಟ್ಟು ನೂರ ಇಪ್ಪತ್ತು ಹಾದಿಗಳು. ಅಷ್ಟೂ ಹಾದಿಗಳಲ್ಲಿ ಒಂದೊಂದಾಗಿ ಅದ್ದಿ, ಒಗೆದು, ಒಣಗಿಸುತ್ತ ಹೋದರೆ ಹುಣ್ಣಿಮೆ ಕಳೆದುಹೋಗುತ್ತದೆ.

ನೂಲು ಉಳಿಸಲೆಂದು ಮೊದಲು ಒಂದೇ ಲಡಿಯನ್ನು ಒಗೆದು ಒಗೆದು ಮತ್ತೆ ಮತ್ತೆ ಅದ್ದಿದಳು. ಹಿಂದಿನ ಹಾದಿಯ ಬಣ್ಣ ಮುಂದಿನ ಹಾದಿಗೂ ಅಂಟಿಕೊಂಡು ಬಂತು. ಯಾವುದು ಯಾವುದರ ಫಲವೆಂದೇ ತಿಳಿಯಲಿಲ್ಲ. ಹೊಸ ಹಾದಿಗೆ ಬಿಳಿ ನೂಲೇ ಬೇಕು ಎಂದು ಅವಳು ಆ ದಿನ ಕಲಿತಳು.

ಎರಡನೆಯದನ್ನು ಗಡಿಗೆಗಳೇ ಕಲಿಸಿದವು. ಪಟಿಕದ ನೀರು ಕುಡಿಯದ ನೂಲನ್ನು ಮಂಜಿಷ್ಠೆಯಲ್ಲಿ ಅದ್ದಿದರೆ ಕೆಂಪು ನಿಲ್ಲಲಿಲ್ಲ. ಹೊಳೆಗೆ ಹಿಡಿದ ಕೂಡಲೇ ಹರಿದುಹೋಯಿತು. ಹಾಗಾದರೆ ಪಟಿಕಕ್ಕಿಂತ ಮೊದಲು ಮಂಜಿಷ್ಠೆ ಬರುವ ಹಾದಿಗಳನ್ನು ಕೊನೆಯವರೆಗೆ ನಡೆದು ನೋಡುವುದೇಕೆ? ಅರ್ಧದಷ್ಟು ಹಾದಿಗಳು ಒಂದೇ ಏಟಿಗೆ ಬಿದ್ದವು. ಮಂಜಿಷ್ಠೆಗಿಂತ ಮೊದಲು ಕರಿನೀರು ಕುಡಿದ ನೂಲು ಮಸಿಯಾಯಿತು. ಅದರ ಮೇಲೆ ಕೆಂಪು ಹತ್ತಲೇ ಇಲ್ಲ. ಆ ಹಾದಿಗಳೂ ಬಿದ್ದವು. ನಡೆಯಬೇಕಾದ ಹಾದಿಗಳು ಇಪ್ಪತ್ತು ಮಾತ್ರ ಉಳಿದವು.

ಮೂರನೆಯದು ಅವಳಿಗೆ ತಾನೇ ತೋಚಿತು. ಎರಡು ಹಾದಿಗಳ ಮೊದಲ ಗಡಿಗೆ ಒಂದೇ ಆದರೆ ನೂಲನ್ನು ಎರಡು ಸಲ ಅದ್ದಬೇಕಿಲ್ಲ. ದೊಡ್ಡ ಕಂತೆಯನ್ನು ಒಟ್ಟಿಗೆ ಅದ್ದಿದಳು. ಹಾದಿ ಕವಲೊಡೆಯುವಲ್ಲಿ ಕಂತೆಯನ್ನೂ ಒಡೆದಳು. ಪ್ರತಿ ಲಡಿಗೂ ಅದು ಬಂದ ಹಾದಿಯ ಗುರುತಾಗಿ ಗಂಟು ಹಾಕಿದಳು. ಒಂದು ಕವಲು ಮುಗಿದ ಮೇಲೆಯೇ ಹಿಂದಕ್ಕೆ ಬಂದು ಇನ್ನೊಂದನ್ನು ಹಿಡಿದಳು. ನೋಡಿದ್ದನ್ನು ಮತ್ತೆ ನೋಡಲಿಲ್ಲ, ನೋಡಬೇಕಾದದ್ದನ್ನು ಬಿಡಲಿಲ್ಲ.

ಹುಣ್ಣಿಮೆ ಹತ್ತಿರವಾದಾಗ ಒಂದು ಲಡಿ ನೇರಳೆಯಾಗಿ ಎದ್ದು ಬಂತು. ಹೊಳೆಯ ನೀರಿಗೆ ಹಿಡಿದಳು. ಬಣ್ಣ ಬಿಡಲಿಲ್ಲ. ಅದೇ ಹಾದಿಯಲ್ಲಿ ಇನ್ನೊಂದು ಲಡಿ ಅದ್ದಿದಳು. ಅದೂ ನೇರಳೆಯಾಯಿತು.

ಚಿಕ್ಕಪ್ಪ ಹಿಗ್ಗಿದ. "ಸಿಕ್ಕಿತಲ್ಲ ಮಗಳೇ! ಇನ್ನು ನೂಲು ಹಾಳು ಮಾಡಬೇಡ" ಎಂದ.

"ಇನ್ನೂ ಎಂಟು ಹಾದಿಗಳು ಉಳಿದಿವೆ" ಎಂದಳು ಅವಳು. "ಅವುಗಳಲ್ಲಿ ಒಂದರಲ್ಲೂ ಇದೇ ಬಣ್ಣ ಬಂದರೆ? ಆ ವರ್ತಕ ಬೇರೆ ಕ್ರಮ ಹೇಳಿದಾಗ ಅದು ಸುಳ್ಳೆಂದು ನಾನು ಯಾವ ಬಾಯಿಂದ ಹೇಳಲಿ?"

ಉಳಿದವನ್ನೂ ಅದ್ದಿದಳು. ಮೊದಲು ನೇರಳೆ ಬರಲಿ ಎಂದು ಬೇಡಿಕೊಂಡು ಅದ್ದಿದವಳು ಈಗ ಬರದಿರಲಿ ಎಂದು ಬೇಡಿಕೊಂಡು ಅದ್ದಬೇಕಾಗಿತ್ತು. ಮುಚ್ಚಿಟ್ಟುಕೊಳ್ಳುವ ಮನಸ್ಸಿದ್ದರೆ ಅದ್ದದೆಯೇ ಬಿಡಬಹುದಿತ್ತು. ಅವಳು ಬಿಡಲಿಲ್ಲ. ಕೊನೆಯ ಲಡಿ ಕಂದು ಬಣ್ಣಕ್ಕೆ ತಿರುಗಿದಾಗ ಗಡಿಗೆಯ ಪಕ್ಕದಲ್ಲೇ ಕುಳಿತು ಅತ್ತಳು.

ಹುಣ್ಣಿಮೆಯ ದಿನ ಸಭೆ ಸೇರಿತು. ಮಗಳು ಒಂದು ಬುಟ್ಟಿ ಹೊತ್ತು ಬಂದಳು. ವರ್ತಕ ತನ್ನ ನೇರಳೆ ತುಂಡನ್ನು ಎಲ್ಲರ ಮುಂದೆ ಹರವಿದ.

"ಪೂರ್ತಿ ಕ್ರಮ ಹೇಳುವುದು ಬೇಡ" ಎಂದಳು ಮಗಳು. "ಅಪ್ಪ ಹೇಳಿಕೊಟ್ಟ ಮೊದಲ ಗಡಿಗೆ ಯಾವುದು, ಅಷ್ಟು ಹೇಳಲಿ."

"ಮಂಜಿಷ್ಠೆ" ಎಂದ ವರ್ತಕ. "ಕೆಂಪಿಲ್ಲದೆ ನೇರಳೆ ಎಲ್ಲಿಂದ ಬರಬೇಕು?"

ಅವಳು ಬುಟ್ಟಿಯಿಂದ ಒಂದು ಪೇಲವ ಲಡಿ ತೆಗೆದು ಹಿರಿಯನ ಕೈಗಿಟ್ಟಳು. "ಮಂಜಿಷ್ಠೆಯಿಂದ ಹೊರಟ ನೂಲು ಇದು. ಕೆಂಪು ಹೊಳೆಯಲ್ಲಿ ಹೋಯಿತು."

"ಬಾಯಿ ತಪ್ಪಿತು. ಮೊದಲು ಕರಿನೀರು."

ಅವಳು ಮಸಿಯಂಥ ಲಡಿಯೊಂದನ್ನು ತೆಗೆದಳು. "ಕರಿನೀರಿನಿಂದ ಹೊರಟದ್ದು ಇದು."

ವರ್ತಕ ಬುಟ್ಟಿಯತ್ತ ಒಮ್ಮೆ ನೋಡಿದ. "ನೀಲಿ" ಎಂದ.

"ನೀಲಿಯಿಂದ ಹೊರಟರೆ ನಡೆಯಬಲ್ಲ ಹಾದಿಗಳು ನಾಲ್ಕೇ. ನಾಲ್ಕೂ ಇಲ್ಲಿವೆ, ನೋಡಿ." ಅವಳು ನಾಲ್ಕು ಲಡಿಗಳನ್ನು ಸಾಲಾಗಿ ಇಟ್ಟಳು. ಒಂದೂ ನೇರಳೆಯಾಗಿರಲಿಲ್ಲ.

ವರ್ತಕ ಮತ್ತೆ ಬಾಯಿ ತೆರೆಯಹೋದ. ಹಿರಿಯ ಕೈಯೆತ್ತಿ ತಡೆದ. "ಕಲಿತವನು ಒಂದೇ ಸಲ ಹೇಳುತ್ತಾನೆ, ಅಪ್ಪಾ. ನಿನ್ನ ಬಟ್ಟೆ ಮಡಚಿಕೋ."

ವರ್ತಕ ತುಂಡನ್ನು ಮಡಚಿಕೊಂಡು ಎದ್ದು ಹೋದ. ಮಗಳು ಬುಟ್ಟಿಯ ತಳದಿಂದ, ತಾನು ಬಣ್ಣ ಹಾಕಿದ್ದ ಇಡೀ ಒಂದು ಸೀರೆಯ ನೂಲನ್ನು ಎತ್ತಿ ಬಿಸಿಲಿಗೆ ಹಿಡಿದಳು. ನೇರಳೆ ತೂಗಿತು. ಸಭೆಯಲ್ಲಿದ್ದ ಹೆಂಗಸರು ತಮ್ಮ ತಮ್ಮ ಮದುವೆಯ ದಿನವನ್ನು ನೆನೆದು ಹತ್ತಿರ ಬಂದು ಮುಟ್ಟಿದರು.

"ಹಕ್ಕು ಈ ಮನೆಯದೇ" ಎಂದ ಹಿರಿಯ. "ಆದರೂ ಕೇಳುತ್ತೇನೆ ತಾಯಿ, ಇದನ್ನು ನಿನ್ನ ಅಪ್ಪ ನಿನಗೆ ಹೇಳಿಕೊಟ್ಟಿದ್ದನೇ?"

"ಇಲ್ಲ ಅಜ್ಜ" ಎಂದಳು ಅವಳು. ತಲೆ ಎತ್ತಿಯೇ ಹೇಳಿದಳು. "ಅಪ್ಪನಿಗೆ ಒಂದು ಹಾದಿ ಗೊತ್ತಿತ್ತು. ನನಗೆ ಎಲ್ಲವೂ ಗೊತ್ತು."

ಅದನ್ನು ಅಹಂಕಾರವೆಂದು ಅಲ್ಲಿ ಯಾರೂ ಅನ್ನಲಿಲ್ಲ. ಚಿಕ್ಕಪ್ಪ ಎದ್ದು ಬಂದು ಬುಟ್ಟಿಯನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡು ಅವಳ ಹಿಂದೆ ನಡೆದ.

ಗುರುಗಳು ಕತೆ ನಿಲ್ಲಿಸಿದರು. ಶಾಂಭವಿಯ ಮುಖ ಅರಳಿತ್ತು.

"ಹಾಗಾದರೆ ನಾನೂ ಹೆಮ್ಮೆ ಪಡಬಹುದು" ಎಂದಳು.

"ಉತ್ತರ ಸಿಕ್ಕ ಮೇಲೂ ಎಷ್ಟು ನೂಲು ಅದ್ದಿದೆಯೋ ಅಷ್ಟು ಪಡು" ಎಂದರು ಗುರುಗಳು.

ಶಾಂಭವಿ ತನ್ನ ಪ್ರೋಗ್ರಾಂ ತೆರೆದು, ಉತ್ತರ ಸಿಕ್ಕ ಮೇಲೂ ಅದು ಉಳಿದ ಹಾದಿಗಳನ್ನು ನೋಡುತ್ತದೆಯೇ ಎಂದು ಮೊದಲಿನಿಂದ ಓದತೊಡಗಿದಳು.